ಸರ್ಕಾರದ ‘ಸ್ವಚ್ಛ ನಗರ’ ಯೋಜನೆ ಕೈಗೆ ಸಿಕ್ಕರೆ ಅದನ್ನು ಓದುವುದು ಹೇಗೆ?

ಯಾವ ದೇಶದ ಸರ್ಕಾರವೇ ಆಗಲಿ, ನಗರಗಳ ಗಾಳಿ ಮತ್ತು ಕಸದ ಬಗ್ಗೆ ಯೋಜನೆ ಅಂತ ಹೊರಡಿಸಿದರೆ ಅದು ದಪ್ಪ ಪುಸ್ತಕವೇ ಆಗಿರುತ್ತದೆ. ಪೂರ್ತಿ ಓದಬೇಕಾಗಿಲ್ಲ. ಎಲ್ಲಿ ಕಣ್ಣು ಹಾಯಿಸಬೇಕು ಅಂತ ಗೊತ್ತಿದ್ದರೆ ಅರ್ಧ ಗಂಟೆ ಸಾಕು.

ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆಯಿರಿ. ಯೋಜನೆಯಲ್ಲಿ ಹೇಳಿರುವ ಕೆಲಸಗಳಲ್ಲಿ ನಗರಾಡಳಿತ ಮಾಡಬಹುದಾದ್ದನ್ನು ಎಡಗಡೆ ಬರೆಯಿರಿ: ರಸ್ತೆ ಗುಡಿಸುವುದು, ಕಸ ಎತ್ತುವುದು, ಕಟ್ಟಡ ಕೆಲಸದ ಧೂಳಿಗೆ ಪರದೆ ಕಟ್ಟಿಸುವುದು. ಬಲಗಡೆ ಸಾಮಾನ್ಯವಾಗಿ ದೇಶದ ಸರ್ಕಾರವೇ ಮಾಡಬೇಕಾದ ಕೆಲಸ: ಡೀಸೆಲ್‌ನಲ್ಲಿ ಗಂಧಕ ಎಷ್ಟಿರಬೇಕು, ಹೊಸ ಗಾಡಿ ಎಷ್ಟು ಹೊಗೆ ಬಿಡಬಹುದು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಚಿಮಣಿಗೆ ಏನು ಹಾಕಿಸಬೇಕು, ಎಂಥ ಪ್ಯಾಕೆಟ್‌ನಲ್ಲಿ ಸಾಮಾನು ಮಾರಬಹುದು, ಹೊರದೇಶದ ಕಸ ಬಂದರಿನಲ್ಲಿ ಇಳಿಯಬಹುದಾ. ಎಡಗಡೆ ತುಂಬಿ ತುಳುಕುತ್ತಾ ಬಲಗಡೆ ಎರಡೇ ಸಾಲಿದ್ದರೆ, ಸರ್ಕಾರ ತನ್ನ ಹೊರೆಯನ್ನು ನಗರಗಳ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದೆ ಅಂತಲೇ ಲೆಕ್ಕ.

ಈ ಗೆರೆ ಯಾಕೆ ಇಷ್ಟು ಮುಖ್ಯ? ಪಿಎಂ 2.5 ಅಂತ ಕರೆಯುವ ಸಣ್ಣ ಕಣಗಳು ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗುತ್ತವೆ. ಅದರಲ್ಲಿ ಎಷ್ಟೋ ಭಾಗ ಧೂಳೇ ಅಲ್ಲ. ಸ್ಥಾವರದ ಗಂಧಕದ ಅನಿಲ, ಗಾಡಿಗಳ ನೈಟ್ರೋಜನ್ ಆಕ್ಸೈಡ್, ಗೊಬ್ಬರ ಹಾಕಿದ ಹೊಲದಿಂದ ಏಳುವ ಅಮೋನಿಯಾ, ಇವೆಲ್ಲ ಗಾಳಿಯಲ್ಲೇ ಸೇರಿ ಕಣವಾಗುತ್ತವೆ. ಮೇಯರ್ ಪೊರಕೆ ಹಿಡಿದು ನಿಂತರೆ ಇದು ಕಡಿಮೆಯಾಗುತ್ತಾ? ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿದ್ದು ಕೂಡ ಹೀಗೇ, ಒಂದೊಂದೇ ದೇಶ ಕಾನೂನು ಮಾಡಿದ ಮೇಲೆ. ಕಾರಿನ ಪೆಟ್ರೋಲಿನಲ್ಲಿ ಸೀಸ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅದು ನಿಲ್ಲಿಸಿದ್ದು 2021ರಲ್ಲಿ.

ಆಮೇಲೆ ಗುರಿಯ ಅಂಕಿ ಹುಡುಕಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು. ಮೊದಲು ಅದು 10 ಇತ್ತು. ಹೆಚ್ಚಿನ ದೇಶಗಳ ಮಿತಿ ಇದಕ್ಕಿಂತ ಸಡಿಲ, ಅದರಲ್ಲೇನೂ ಆಶ್ಚರ್ಯವಿಲ್ಲ. ಆದರೆ ‘ಶೇಕಡಾ ಇಷ್ಟು ಇಳಿಸುತ್ತೇವೆ’ ಅಂತ ಬರೆದಿದ್ದರೆ ಎರಡು ವಿಷಯ ಕೇಳಿ. ಯಾವ ವರ್ಷಕ್ಕೆ ಹೋಲಿಸಿದರೆ? ಯಾವ ಕಣ? ಎಲ್ಲಕ್ಕಿಂತ ಕೆಟ್ಟ ವರ್ಷವನ್ನು ಹಿಡಿದುಕೊಂಡರೆ ಏನೂ ಮಾಡದೆ ಕೂತರೂ ಇಳಿಕೆ ಕಾಣಿಸುತ್ತದೆ. ಪಿಎಂ 10 ಅಂದರೆ ದಪ್ಪ ಕಣವೂ ಸೇರಿದ ಲೆಕ್ಕ. ರಸ್ತೆಗೆ ನೀರು ಚಿಮುಕಿಸಿದರೂ ಅದು ಸ್ವಲ್ಪ ತಗ್ಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣ ಮಾತ್ರ ಹಾಗೇ ಉಳಿದಿರಬಹುದು. ಅಂದಹಾಗೆ, ಹೊಗೆ ಹೀರುವ ಗೋಪುರ, ನೀರಿನ ಫಿರಂಗಿ ಇಂಥ ಪುಟಗಳು ಬಂದರೆ ಸುಮ್ನೆ ತಿರುವಿ ಹಾಕಿ. ಬಯಲಲ್ಲಿ ನಿಂತು ಗಾಳಿ ಸೋಸುವುದು ಕೆರೆಯ ನೀರನ್ನು ಚಮಚದಲ್ಲಿ ಶುದ್ಧ ಮಾಡಿದಂತೆ.

ದುಡ್ಡಿನ ಪುಟ ಮಾತ್ರ ಬಿಡಬೇಡಿ. 1952ರ ಡಿಸೆಂಬರಿನಲ್ಲಿ ಲಂಡನ್ ಐದು ದಿನ ಹೊಗೆಮಂಜಿನಲ್ಲಿ ಮುಳುಗಿತು. ಸತ್ತವರು ಸುಮಾರು 4,000 ಅಂತ ಆಗಿನ ಲೆಕ್ಕ, ನಂತರದ ಅಂದಾಜುಗಳು ಇನ್ನೂ ಜಾಸ್ತಿ. 1956ರಲ್ಲಿ ಬಂದ ಕಾನೂನು ಹೊಗೆ ಬಿಡಬೇಡಿ ಅಂದು ಸುಮ್ಮನಾಗಲಿಲ್ಲ. ಹೊಗೆರಹಿತ ಪ್ರದೇಶಗಳನ್ನು ಗುರುತಿಸಿದ್ದಲ್ಲದೆ, ಮನೆಯ ಕಲ್ಲಿದ್ದಲ ಒಲೆ ಬದಲಾಯಿಸುವವರ ಖರ್ಚಿನ ದೊಡ್ಡ ಪಾಲನ್ನು ಸಾರ್ವಜನಿಕ ಹಣದಿಂದ ಕೊಡುವ ವ್ಯವಸ್ಥೆಯೂ ಅದರಲ್ಲಿತ್ತು. ನಿಮ್ಮ ಕೈಲಿರುವ ಯೋಜನೆಯಲ್ಲಿ ‘ನಿಷೇಧ’ ಅನ್ನುವ ಪದ ಬಂದಲ್ಲೆಲ್ಲ ಪಕ್ಕದಲ್ಲಿ ಬದಲಿ ಏನು, ಅದರ ಖರ್ಚು ಯಾರದು ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಆ ನಿಷೇಧ ಬಡವರ ಮೇಲೆ ಮಾತ್ರ ಬೀಳುತ್ತದೆ.

ಕಸದ ಅಧ್ಯಾಯ ಬೇರೆ ಪುಸ್ತಕದ ಥರ ಇದ್ದರೆ ಅಲ್ಲೇ ಅನುಮಾನ ಪಡಬೇಕು. ಎತ್ತದ ಕಸಕ್ಕೆ ಯಾರೋ ಬೆಂಕಿ ಇಡುತ್ತಾರೆ, ಹಸಿ ಕಸ ಕಸದ ಗುಡ್ಡದಡಿ ಕೊಳೆತು ಮೀಥೇನ್ ಅನ್ನುವ ಉರಿಯುವ ಅನಿಲ ಆಗುತ್ತದೆ, ಗುಡ್ಡಕ್ಕೇ ಬೆಂಕಿ ಹತ್ತುತ್ತದೆ. ಎಲ್ಲ ಹೋಗುವುದು ಗಾಳಿಗೇ ಅಲ್ವಾ? ಇಲ್ಲಿ ಹುಡುಕಬೇಕಾದ್ದು ಪ್ಯಾಕೆಟ್ ಮಾಡಿದ ಕಂಪನಿಯ ಹೆಸರಿಗೆ ಹೊಣೆ ಬಿದ್ದಿದೆಯಾ ಅನ್ನುವುದು. ಜರ್ಮನಿ 1991ರಲ್ಲೇ ಪ್ಯಾಕಿಂಗ್ ಕಸವನ್ನು ವಾಪಸ್ ತಗೊಳ್ಳುವ ಹೊಣೆಯನ್ನು ತಯಾರಕರು ಮತ್ತು ಮಾರುವವರ ಮೇಲೆ ಹಾಕಿತು. ದಕ್ಷಿಣ ಕೊರಿಯಾ ಇನ್ನೊಂದು ದಾರಿ ಹಿಡಿಯಿತು. 1995ರಿಂದ ಮನೆಯವರು ಕಸಕ್ಕೆಂದೇ ಇರುವ ಚೀಲ ಕೊಳ್ಳಬೇಕು, ಕಸ ಹೆಚ್ಚಿದಷ್ಟೂ ಚೀಲ ಹೆಚ್ಚು, ಖರ್ಚೂ ಹೆಚ್ಚು. 2005ರಲ್ಲಿ ಆಹಾರದ ಕಸವನ್ನು ನೇರವಾಗಿ ಹೂಳುವುದಕ್ಕೆ ನಿಷೇಧ ಬಂತು. 2013ರಿಂದ ಅದಕ್ಕೂ ಪ್ರಮಾಣ ನೋಡಿ ಶುಲ್ಕ. ಹೀಗೆ ಒಂದರ ಮೇಲೊಂದು ಮೆಟ್ಟಿಲು, ಪ್ರತಿಯೊಂದಕ್ಕೂ ವರ್ಷ ಇದೆ ನೋಡಿ. ಗಡಿಯ ವಿಷಯವೂ ಇರಬೇಕು. ಚೀನಾ 2018ರಲ್ಲಿ ಪ್ಲಾಸ್ಟಿಕ್ ಕಸದ ಆಮದು ನಿಲ್ಲಿಸಿದಾಗ ಶ್ರೀಮಂತ ದೇಶಗಳ ಕಸ ಆಗ್ನೇಯ ಏಷ್ಯಾದ ಬಂದರುಗಳ ಕಡೆ ತಿರುಗಿತು.

ಕೊನೆಗೆ ಮಾಪನ ಕೇಂದ್ರಗಳ ಪಟ್ಟಿ. ಎಷ್ಟಿವೆ ಅನ್ನುವುದಕ್ಕಿಂತ ಎಲ್ಲಿವೆ ನೋಡಿ. ಉದ್ಯಾನದ ನಡುವೆ ಒಂದಿದ್ದು ಕಾರ್ಖಾನೆ, ಹೆದ್ದಾರಿ ಪಕ್ಕ ಒಂದೂ ಇಲ್ಲದಿದ್ದರೆ ವರದಿ ಚೆನ್ನಾಗಿಯೇ ಬರುತ್ತದೆ. ಗಂಟೆಗಂಟೆಯ ಅಂಕಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇರಬೇಕು, ಹಳೆಯ ವರ್ಷಗಳದ್ದೂ.

ಇಷ್ಟಾದ ಮೇಲೆ ಹಾಳೆಯ ಬಲಗಡೆ ಖಾಲಿ ಬಿದ್ದ ಜಾಗಗಳೇ ನಿಮ್ಮ ಪ್ರಶ್ನೆಗಳು. ಯೋಜನೆಗೆ ಆಕ್ಷೇಪಣೆ ಕರೆದಿದ್ದರೆ ಕೊನೆಯ ದಿನಾಂಕದೊಳಗೆ ಬರಹದಲ್ಲೇ ಕಳಿಸಿ, ಪ್ರತಿ ಇಟ್ಟುಕೊಳ್ಳಿ. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ನೈಟ್ರೋಜನ್ ಡೈಆಕ್ಸೈಡ್ ಮಿತಿ ಮೀರಿದ್ದಕ್ಕೆ ಹೊಸ ಯೋಜನೆ ಮಾಡಿ ಅಂತ ಅಲ್ಲಿನ ಸರ್ಕಾರಕ್ಕೆ ಆದೇಶಿಸಿತು. ಕೋರ್ಟಿನ ತನಕ ಹೋಗಲು ಆಧಾರವಾಗಿದ್ದು ಕಾನೂನಿನಲ್ಲಿ ಬರೆದಿದ್ದ ಒಂದು ಅಂಕಿ, ಒಂದು ತಾರೀಖು.