ಗ್ರಂಥಾಲಯದಲ್ಲಿ ಪುಸ್ತಕ ಬಿಡುಗಡೆ: ಲೇಖಕರಿಗೂ ಮಾತಾಡಲು ಹೊತ್ತು ಕೊಡಿ

ಹೋದ ವರ್ಷ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪುಸ್ತಕ ಬಿಡುಗಡೆ ಅಂತ ಹೋಗಿದ್ದೆ. ವೇದಿಕೆ ಮೇಲೆ ಒಂಬತ್ತು ಕುರ್ಚಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಬಿಡುಗಡೆ, ಮುಖ್ಯ ಅತಿಥಿಗಳು, ಇನ್ನಿಬ್ಬರು ಅತಿಥಿಗಳು, ಸನ್ಮಾನ. ಲೇಖಕಿಯ ಕೈಗೆ ಮೈಕ್ ಬಂದಾಗ ಎರಡು ಗಂಟೆ ಕಳೆದಿತ್ತು. ಹಾಸ್ಟೆಲ್ ಹುಡುಗಿಯರು ಎದ್ದು ಹೋಗಿ ಆಗಿತ್ತು. ಆಕೆ ಆರು ನಿಮಿಷ ಮಾತಾಡಿ ಕೂತರು. ಓದಬೇಕು ಅಂತ ಕಾಗದ ಸಿಕ್ಕಿಸಿ ಗುರುತು ಮಾಡಿ ತಂದಿದ್ದ ಪುಟವನ್ನು ತೆರೆಯಲೇ ಇಲ್ಲ. ಆ ಕಾಗದದ ತುದಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಇಂಥ ಕಾರ್ಯಕ್ರಮಗಳನ್ನು ಬಹಳ ನೋಡಿದ್ದೇನೆ. ಕೆಲವನ್ನು ನಡೆಸುವುದಕ್ಕೆ ಕೈಜೋಡಿಸಿದ್ದೇನೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಪಡುವಷ್ಟು ಶ್ರಮವನ್ನು ಸಂವಾದಕ್ಕೆ ಪಡುವುದಿಲ್ಲ. ಅದಕ್ಕೇ ಈ ಲೇಖನ.

1. ದಿನ, ಹೊತ್ತು, ಜಾಗ

ಪರೀಕ್ಷೆ ಇಲ್ಲದ ವಾರ ಆರಿಸಿ. ಬುಧವಾರ ಅಥವಾ ಗುರುವಾರ, ಮಧ್ಯಾಹ್ನ ಮೂರು ಗಂಟೆ. ಶನಿವಾರ ಬೇಡ, ವಿದ್ಯಾರ್ಥಿಗಳು ಊರಿಗೆ ಹೊರಟಿರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಐದರ ಮೇಲೆ ಇಟ್ಟರೆ ಅರ್ಧ ಜನ ಮಳೆಯಲ್ಲಿ, ಇನ್ನರ್ಧ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಆಹ್ವಾನದಲ್ಲಿ ಬರೀ 'ಗ್ರಂಥಾಲಯದ ಸಭಾಂಗಣ' ಅಂತ ಹಾಕಿದರೆ ಸಾಲದು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಸಾವಿರ ಎಕರೆಗೂ ದೊಡ್ಡ ಕ್ಯಾಂಪಸ್. ಅದೇ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಇಳಿದ ಮೇಲೂ ಒಳಗೆ ಹೋಗಬೇಕಾದ ದಾರಿ ಉದ್ದ ಇದೆ. ಸೆಂಟ್ರಲ್ ಕಾಲೇಜಿನ ಕಡೆಯಾದರೆ ವಿಶ್ವೇಶ್ವರಯ್ಯ ನಿಲ್ದಾಣ ಪಕ್ಕದಲ್ಲೇ. ಯಾವ ಗೇಟು, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅನ್ನುವುದನ್ನೂ ಬರೆಯಿರಿ. ಕನ್ನಡ ಪುಸ್ತಕದ ಸಭೆಗೆ ಬರುವವರಲ್ಲಿ ಹಿರಿಯರು ಜಾಸ್ತಿ.

ಓದುವ ಕೋಣೆಯನ್ನು ಮಾತ್ರ ಮುಚ್ಚಬೇಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬೆಳಗ್ಗೆಯಿಂದ ಅಲ್ಲೇ ಕೂತಿರುತ್ತಾರೆ. ಅವರನ್ನು ಎಬ್ಬಿಸಿ ಪುಸ್ತಕದ ಹಬ್ಬ ಮಾಡುವುದು ಸರಿಯಲ್ಲ.

ವರ್ಷಕ್ಕೆ ಒಂದೇ ಕಾರ್ಯಕ್ರಮ ಮಾಡುವುದಾದರೆ ಆಗಸ್ಟ್ 12 ನೋಡಿ, ರಾಷ್ಟ್ರೀಯ ಗ್ರಂಥಪಾಲಕರ ದಿನ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ನೆನಪಿನ ದಿನ ಅದು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರು ಅವರು. 1931ರಲ್ಲಿ ಅವರು ಗ್ರಂಥಾಲಯಗಳಿಗೆ ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ಮೂರಕ್ಕೆ ಅಂದರೆ ಮೂರಕ್ಕೇ ಶುರು ಮಾಡಿ. ಅತಿಥಿಗಳು ಸಿಗ್ನಲ್‌ನಲ್ಲಿ ಇದ್ದರೂ ಸರಿ.

2. ಪುಸ್ತಕ ಮೊದಲೇ ಕೈಗೆ ಬರಲಿ

ನಮ್ಮಲ್ಲಿ ಎಷ್ಟೋ ಸಲ ಪುಸ್ತಕ ಪ್ರೆಸ್‌ನಿಂದ ಬರುವುದೇ ಬಿಡುಗಡೆಯ ಬೆಳಗ್ಗೆ. ಬೈಂಡಿಂಗಿನ ಅಂಟು ಕೂಡ ಒಣಗಿರುವುದಿಲ್ಲ. ಹಾಗಿದ್ದಾಗ ಸಭೆಯಲ್ಲಿ ಯಾರೂ ಓದಿರುವುದಿಲ್ಲ. ಮುಖ್ಯ ಅತಿಥಿ ಮುನ್ನುಡಿಯ ಮೇಲೆ, ಬೆನ್ನುಡಿಯ ಮೇಲೆ ಕಣ್ಣಾಡಿಸಿ ಮಾತಾಡುತ್ತಾರೆ. ಇದು ಕೇಳುವವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ಮೂರು ವಾರ ಮೊದಲೇ ಪ್ರಕಾಶಕರ ಹತ್ತಿರ ಅಚ್ಚಿಗೆ ಹೋಗುವ ಪಿಡಿಎಫ್ ಕೇಳಿ. ಹೊರಗೆ ಹೋಗುವುದಿಲ್ಲ ಅಂತ ಮಾತು ಕೊಟ್ಟರೆ ಬಹಳ ಜನ ಕೊಡುತ್ತಾರೆ. ಅದನ್ನು ಫೋನಿನಲ್ಲಿ ಕಳಿಸದೆ ಐದು ಪ್ರತಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ. ಎಂಟು ಹತ್ತು ವಿದ್ಯಾರ್ಥಿಗಳು ಕೈಬದಲಾಯಿಸಿಕೊಂಡು ಓದಲಿ, ಸಭೆ ಮುಗಿದ ಮೇಲೆ ವಾಪಸ್ ಕೊಡಲಿ. ಕನ್ನಡ ಎಂ.ಎ. ಮಕ್ಕಳೇ ಆಗಬೇಕಿಲ್ಲ. ಒಂದು ಸಲ ಭೂಗೋಳಶಾಸ್ತ್ರದ ಹುಡುಗನೊಬ್ಬ ಕಾದಂಬರಿಯಲ್ಲಿ ಹೊಳೆ ಹರಿಯುವ ದಿಕ್ಕಿನ ಬಗ್ಗೆ ಕೇಳಿದ ಪ್ರಶ್ನೆಗೆ ಲೇಖಕರು ಹತ್ತು ನಿಮಿಷ ಮನಸ್ಸು ಬಿಚ್ಚಿ ಮಾತಾಡಿದರು. ಪ್ರಾಧ್ಯಾಪಕರ ಯಾವ ಪ್ರಶ್ನೆಗೂ ಹಾಗೆ ಮಾತಾಡಿರಲಿಲ್ಲ.

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಹೊಸ ಬರಹಗಾರರಿಗೆ ಒಂದು ಮಾತು. ಐಎಸ್‌ಬಿಎನ್ ಸಂಖ್ಯೆಯನ್ನು (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸಂಖ್ಯೆಗೇ ಇಷ್ಟು ಸಾವಿರ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

3. ವೇದಿಕೆ

ನಾಲ್ಕು ಕುರ್ಚಿ ಸಾಕು. ಲೇಖಕರು, ಸಂವಾದ ನಡೆಸುವವರು, ಪುಸ್ತಕದ ಬಗ್ಗೆ ಮಾತಾಡುವ ಒಬ್ಬರು, ಗ್ರಂಥಪಾಲಕರು. ಉಳಿದ ಗಣ್ಯರಿಗೆ ಮುಂದಿನ ಸಾಲಿನಲ್ಲಿ ಗೌರವದ ಜಾಗ ಕೊಡಿ, ಹೆಸರು ಹೇಳಿ ಸ್ವಾಗತಿಸಿ. ಇದನ್ನು ಅವರಿಗೆ ಮೊದಲೇ ಫೋನ್ ಮಾಡಿ ತಿಳಿಸಬೇಕು. ಬಂದ ಮೇಲೆ ತಿಳಿದರೆ ಬೇಸರವಾಗುವುದು ಸಹಜ.

ಹೊತ್ತಿನ ಲೆಕ್ಕ ನಾನು ಹೀಗೆ ಹಾಕುತ್ತೇನೆ. ಸ್ವಾಗತ ಐದು ನಿಮಿಷ, ಬಿಡುಗಡೆ ಐದು, ಪುಸ್ತಕದ ಬಗ್ಗೆ ಮಾತು ಹತ್ತು, ಲೇಖಕರ ಓದು ಏಳು, ಸಂವಾದ ಮೂವತ್ತೈದು, ಸಭಿಕರ ಪ್ರಶ್ನೆ ಇಪ್ಪತ್ತು, ವಂದನೆ ಮೂರು. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಯಾರಾದರೂ 'ನಮ್ಮವರೊಬ್ಬರಿಗೆ ಎರಡೇ ಮಾತು' ಅಂತ ಕೇಳಿದರೆ ವಿನಯದಿಂದ ಬೇಡ ಅನ್ನಿ. ಆ ಎರಡು ಮಾತು ಹದಿನೈದು ನಿಮಿಷ ನುಂಗುತ್ತದೆ.

ಪುಸ್ತಕವನ್ನು ಗಿಫ್ಟ್ ಪೇಪರಿನಲ್ಲಿ ಸುತ್ತಿ ಸೆಲ್ಲೊಟೇಪ್ ಹಾಕಬೇಡಿ. ಬಿಚ್ಚಲು ಒದ್ದಾಡುತ್ತಾರೆ, ಮುಖಪುಟ ಹರಿಯುತ್ತದೆ. ಒಂದು ರಿಬ್ಬನ್ ಸಾಕು, ಎಳೆದರೆ ಬಿಚ್ಚುವ ಗಂಟು.

4. ಸಂವಾದ

ಎಲ್ಲ ಕೆಡುವುದೂ ಇಲ್ಲೇ, ಎಲ್ಲ ಬೆಳಗುವುದೂ ಇಲ್ಲೇ.

ಮೊದಲು, ಸಂವಾದ ನಡೆಸುವವರನ್ನು ಆರಿಸುವುದು. ದೊಡ್ಡ ಹೆಸರು ನೋಡಬೇಡಿ. ಪುಸ್ತಕವನ್ನು ಎರಡು ಸಲ ಓದಲು ಪುರುಸೊತ್ತು ಇರುವವರು, ಇನ್ನೊಬ್ಬರ ಮಾತು ಕೇಳುವ ತಾಳ್ಮೆ ಇರುವವರು ಬೇಕು. ತುಂಬಾ ಪಂಡಿತರಾದರೆ ಪ್ರಶ್ನೆಯೇ ಐದು ನಿಮಿಷದ ಭಾಷಣವಾಗುತ್ತದೆ. ಕೊನೆಗೆ 'ಅಲ್ವಾ ಸರ್?' ಅಂತಾರೆ, ಲೇಖಕರು 'ಹೌದು' ಅಂತಾರೆ. ಅಲ್ಲಿಗೆ ಮುಗಿಯಿತು. ಗ್ರಂಥಾಲಯದ ಸಿಬ್ಬಂದಿಯಲ್ಲೇ ಒಳ್ಳೆಯ ಓದುಗರು ಇರುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ ನೋಡಿ.

ಆಮೇಲೆ ಪ್ರಶ್ನೆ. ಹನ್ನೆರಡು ಬರೆದುಕೊಳ್ಳಿ, ಆರು ಬಳಸಿ. 'ಈ ಪುಸ್ತಕಕ್ಕೆ ಪ್ರೇರಣೆ ಏನು?' ಅಂತ ಶುರು ಮಾಡಬೇಡಿ. ಅದಕ್ಕೆ ಲೇಖಕರ ಹತ್ತಿರ ಬಾಯಿಪಾಠದ ಉತ್ತರ ಇರುತ್ತದೆ. ಒಂದು ಪುಟ ಹಿಡಿದು ಕೇಳಿ. 'ನಲವತ್ತೊಂದನೇ ಪುಟದಲ್ಲಿ ಅಜ್ಜಿ ಬೀಗದ ಕೈಯನ್ನು ಸೊಸೆಗೆ ಕೊಡದೆ ಮೊಮ್ಮಗಳಿಗೆ ಕೊಡ್ತಾರೆ. ಇದು ಮೊದಲಿಂದ ಹೀಗೇ ಇತ್ತಾ, ಬರೀತಾ ಬಂತಾ?' ಇಂಥ ಪ್ರಶ್ನೆ ಕೇಳಿದ ತಕ್ಷಣ ಲೇಖಕರ ಮುಖ ಬದಲಾಗುವುದನ್ನು ನೋಡಿದ್ದೇನೆ. ತನ್ನ ಪುಸ್ತಕವನ್ನು ಯಾರೋ ನಿಜವಾಗಿ ಓದಿದ್ದಾರೆ ಅಂತ ಗೊತ್ತಾದರೆ ಅವರು ಕುರ್ಚಿಯಲ್ಲಿ ಮುಂದೆ ಸರಿದು ಕೂರುತ್ತಾರೆ.

ಪ್ರಶ್ನೆಗಳನ್ನು ಮೊದಲೇ ಕಳಿಸಬೇಕಾ? ನನ್ನ ಅಭಿಪ್ರಾಯದಲ್ಲಿ ಪೂರ್ತಿ ಪಟ್ಟಿ ಕಳಿಸಬಾರದು, ಉತ್ತರ ಬರೆದುಕೊಂಡು ಬಂದು ಓದುತ್ತಾರೆ. ಆದರೆ ಎರಡು ದಿನ ಮೊದಲು ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಲೇಬೇಕು. ಯಾವ ವಿಷಯ ಎತ್ತುತ್ತೇವೆ ಅಂತ ಹೇಳಿ. ಯಾವುದನ್ನು ಕೇಳಬಾರದು ಅಂತ ಕೇಳಿಕೊಳ್ಳಿ. ಆತ್ಮಕಥೆಯಾದರೆ ಇದು ಬಹಳ ಮುಖ್ಯ. ಸತ್ತವರ ಬಗ್ಗೆ, ಬಿಟ್ಟು ಹೋದವರ ಬಗ್ಗೆ ಬರೆದಿರುತ್ತಾರೆ. ಬರೆಯಲು ಆದದ್ದನ್ನು ನೂರು ಜನರ ಮುಂದೆ ಬಾಯಲ್ಲಿ ಹೇಳಲು ಆಗುತ್ತದೆ ಅಂತ ಇಲ್ಲ.

ಮೊದಲ ಪ್ರಶ್ನೆಗೆ ಮುಂಚೆ ಲೇಖಕರಿಂದ ಓದಿಸಿ. ಮಾಮೂಲಿ ಅಳತೆಯ ಕನ್ನಡ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಲು ಸುಮಾರು ಎರಡು ನಿಮಿಷ ಬೇಕು. ಹಾಗಾಗಿ ಮೂರು ಪುಟ ಸಾಕು. ಯಾವ ಮೂರು ಪುಟ ಅಂತ ಮೊದಲೇ ನಿರ್ಧರಿಸಿ, ಮನೆಯಲ್ಲಿ ಒಂದು ಸಲ ಗಟ್ಟಿಯಾಗಿ ಓದಿ ನೋಡಲು ಹೇಳಿ. ಕಣ್ಣಿಗೆ ಚೆಂದ ಕಂಡ ಉದ್ದ ವಾಕ್ಯ ಉಸಿರಿಗೆ ಸಿಗದೆ ಹೋಗಬಹುದು. ಮಾತುಕತೆ ಇರುವ ಭಾಗ ಕೇಳಲು ಸೊಗಸು. ಕೋಲಾರದ ಕನ್ನಡವೋ ಧಾರವಾಡದ ಕನ್ನಡವೋ ಇದ್ದರಂತೂ ಸಭೆ ಕಿವಿ ನಿಮಿರಿಸುತ್ತದೆ.

ಲೇಖಕರು ಸುಮ್ಮನಾದರೆ ಗಾಬರಿ ಬೀಳಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಒಳ್ಳೆಯ ಉತ್ತರ ಬಹಳ ಸಲ ಆ ಮೌನದ ಆಚೆ ಇರುತ್ತದೆ. ನಾವೇ ಬಾಯಿ ಹಾಕಿ ಅದನ್ನು ಕೆಡಿಸುತ್ತೇವೆ.

ಸಭಿಕರ ಪ್ರಶ್ನೆಗೆ ಬಂದಾಗ ಮೈಕ್ ಅನ್ನು ಕೈಗೆ ಕೊಡಬೇಡಿ. ಸ್ವಯಂಸೇವಕರೇ ಹಿಡಿದು ನಿಲ್ಲಲಿ. ಕೊಟ್ಟರೆ ವಾಪಸ್ ಬರುವುದು ಕಷ್ಟ. ಮೊದಲ ಪ್ರಶ್ನೆ ಪುಸ್ತಕ ಓದಿದ ವಿದ್ಯಾರ್ಥಿಯದೇ ಆಗಿರಲಿ. ಮುಂದಿನ ಸಾಲಿನ ಹಿರಿಯರು ಶುರು ಮಾಡಿದರೆ ಹಿಂದಿನ ಸಾಲಿನ ಮಕ್ಕಳು ಬಾಯಿ ಬಿಡುವುದಿಲ್ಲ. ನಾಚುವವರಿಗೆ ಕುರ್ಚಿಯ ಮೇಲೆ ಚೀಟಿ, ಪೆನ್ಸಿಲ್ ಇಡಿ. ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆಗಳು ಹೆಸರಿಲ್ಲದ ಚೀಟಿಯಲ್ಲಿ ಬಂದವು.

ಯಾರಾದರೂ ಪ್ರಶ್ನೆ ಬಿಟ್ಟು ಭಾಷಣ ಹಿಡಿದರೆ, ಅವರು ಉಸಿರು ತೆಗೆದುಕೊಳ್ಳುವಾಗ, 'ಸರ್, ನೀವು ಹೇಳಿದ್ದರಲ್ಲಿ ಈ ಮಾತು ಮುಖ್ಯ ಅನ್ನಿಸಿತು, ಇದಕ್ಕೆ ಲೇಖಕರು ಏನಂತಾರೆ ಕೇಳೋಣ' ಅನ್ನಿ. ಅವರ ಮಾನವೂ ಉಳಿಯುತ್ತದೆ. ಬೆಂಗಳೂರಿನಲ್ಲಿ ತೆಲುಗು, ತಮಿಳು, ಉರ್ದು ಮನೆಮಾತಿನವರೂ ಬರುತ್ತಾರೆ. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹಿಂಜರಿಯುತ್ತಾರೆ. ಅವರು ತಮ್ಮ ಭಾಷೆಯಲ್ಲೇ ಕೇಳಲಿ, ಸಂವಾದ ನಡೆಸುವವರು ಎರಡು ವಾಕ್ಯದಲ್ಲಿ ಕನ್ನಡಕ್ಕೆ ತಂದರೆ ಆಯಿತು.

5. ಬ್ಯಾನರ್, ಮೈಕ್, ಕಾಫಿ

ಬ್ಯಾನರ್ ಬಟ್ಟೆಯದ್ದೇ ಆಗಲಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ನಿಷೇಧ ಇದೆ. ಬರಹವನ್ನು ವರ್ಡ್ ಫೈಲಿನಲ್ಲಿ ಕಳಿಸಬೇಡಿ. ಪ್ರಿಂಟ್ ಮಾಡುವವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಕಿತ್ತು ಪಕ್ಕದಲ್ಲಿ ಬೀಳುತ್ತವೆ. ಪಿಡಿಎಫ್ ಕಳಿಸಿ, ಲೇಖಕರ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ.

ಅಗ್ಗದ ಬ್ಲೂಟೂತ್ ಕಾಲರ್ ಮೈಕ್ ದುಡ್ಡು ದಂಡ. ತುಟಿ ಅಲ್ಲಾಡಿದ ಮೇಲೆ ದನಿ ಬರುತ್ತದೆ. ಹಳೆಯ ವೈರ್ ಮೈಕೇ ವಾಸಿ. ಬ್ಯಾಟರಿಯದ್ದಾದರೆ ಎರಡು ಜೊತೆ ಹೊಸ ಸೆಲ್ ಜೇಬಿನಲ್ಲಿರಲಿ.

ಉಪ್ಪಿಟ್ಟು, ಕೇಸರಿಬಾತ್, ಕಾಫಿ ಸಭೆಯ ನಂತರ. ಮೊದಲೇ ಕೊಟ್ಟರೆ ಮೂರಕ್ಕೆ ಶುರುವಾಗುವುದಿಲ್ಲ. ಸ್ಟೀಲ್ ಲೋಟ ಇಡಿ.

6. ಮಾರಾಟ, ಮರುದಿನ

ಮಾರಾಟದ ಮೇಜು ಬಾಗಿಲ ಪಕ್ಕ. ಯುಪಿಐ ಕ್ಯೂಆರ್ ಜೊತೆಗೆ ಐವತ್ತು, ನೂರರ ಚಿಲ್ಲರೆಯೂ ಇರಲಿ. ಲೇಖಕರು ಹಸ್ತಾಕ್ಷರ ಹಾಕಲು ಬೇರೆ ಮೇಜು, ಕುರ್ಚಿ, ನೀರು ಕೊಡಿ. ನಿಂತುಕೊಂಡು ಹಾಕಿಸಬೇಡಿ.

ಮರುದಿನ ಬೆಳಗ್ಗೆ ಎರಡು ಪ್ರತಿಗೆ ಅಕ್ಸೆಷನ್ ನಂಬರ್ (ಗ್ರಂಥಾಲಯದ ದಾಖಲೆ ಸಂಖ್ಯೆ) ಹಾಕಿ, ಕ್ಯಾಟಲಾಗ್‌ಗೆ ಸೇರಿಸಿ, ಹೊಸ ಪುಸ್ತಕಗಳ ರ‍್ಯಾಕಿನಲ್ಲಿ ಇಡಿ. ಎಷ್ಟೋ ಕಡೆ ಬಿಡುಗಡೆಯಾದ ಪುಸ್ತಕ ಆರು ತಿಂಗಳಾದರೂ ಗ್ರಂಥಪಾಲಕರ ಕೋಣೆಯ ಬೀರುವಿನಲ್ಲೇ ಇರುತ್ತದೆ. ಸಭೆಯಲ್ಲಿ ಕೇಳಿ ಆಸೆಪಟ್ಟ ವಿದ್ಯಾರ್ಥಿ ಕೌಂಟರಿಗೆ ಬಂದು ಕೇಳಿದರೆ 'ಇನ್ನೂ ಎಂಟ್ರಿ ಆಗಿಲ್ಲ' ಅಂತ ಉತ್ತರ.

ಸಮಯ ಸಾಲದೆ ಉಳಿದ ಚೀಟಿಗಳನ್ನು ಎಸೆಯಬೇಡಿ. ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಲೇಖಕರಿಗೆ ಕಳಿಸಿಕೊಡಿ.