ಬಿಳಿ ಮಚ್ಚೆಯ ಡಿಎನ್ಎ ಅಳತೆ: ಕಾಸರಗೋಡಿನ ಸಣ್ಣ ಲ್ಯಾಬಿನ ಅನುಭವ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಲೆಯಡಿಕೆ ಬಾಯಿಗಳಲ್ಲಿ ಲ್ಯೂಕೋಪ್ಲೇಕಿಯಾಕ್ಕೆ, ಅಂದರೆ ಉಜ್ಜಿದರೂ ಹೋಗದ ಬಿಳಿ ಮಚ್ಚೆಗೆ, ಬರವಿಲ್ಲ. ಹೆಚ್ಚಿನವು ಹಾಗೇ ಉಳಿಯುತ್ತವೆ, ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಯಾವುದು ತಿರುಗುತ್ತದೆ ಎಂದು ‘ಮೈಲ್ಡ್ ಡಿಸ್ಪ್ಲೇಸಿಯಾ’ (ಕೋಶಗಳಲ್ಲಿ ಸಣ್ಣ ಪ್ರಮಾಣದ ವಿಕಾರ) ಎಂಬ ಬಯಾಪ್ಸಿ ರಿಪೋರ್ಟ್ ಹೇಳುವುದಿಲ್ಲ. ಒಂದೇ ಸ್ಲೈಡಿಗೆ ಇಬ್ಬರು ಪೆಥಾಲಜಿಸ್ಟರು ಎರಡು ಗ್ರೇಡ್ ಕೊಡುವುದು ನಮಗೆಲ್ಲ ಗೊತ್ತಿರುವುದೇ.

ಡಿಎನ್ಎ ಪ್ಲಾಯ್ಡಿ, ಅಂದರೆ ಒಂದೊಂದು ನ್ಯೂಕ್ಲಿಯಸ್ಸಿನಲ್ಲಿ ಎಷ್ಟು ಡಿಎನ್ಎ ಇದೆ ಎಂಬುದನ್ನು, ಅಳೆಯುತ್ತೇನೆ ಎಂದಾಗ ಸಹೋದ್ಯೋಗಿಗಳು ಎತ್ತಿದ್ದು ನಾರ್ವೆಯ ಸಂಶೋಧಕ ಯೋನ್ ಸೂಡ್ಬೋ ಹೆಸರು. ಈ ವಿಷಯದಲ್ಲೇ 2001 ಮತ್ತು 2004ರಲ್ಲಿ ಆತ ಪ್ರಕಟಿಸಿದ್ದ ಲೇಖನಗಳು ಕಟ್ಟುಕಥೆಯೆಂದು ಬಯಲಾಗಿ, 2006ರಲ್ಲಿ ಹಿಂತೆಗೆಯಲ್ಪಟ್ಟವು. ಆದರೆ ಕೆಟ್ಟದ್ದು ಆತನ ದತ್ತಾಂಶ, ವಿಧಾನವಲ್ಲ. 3 ಮತ್ತು 9ನೇ ಕ್ರೋಮೋಸೋಮುಗಳ ಗಿಡ್ಡ ತೋಳಿನ (3ಪಿ, 9ಪಿ) ನಷ್ಟ ನೋಡುವುದು ಇದಕ್ಕಿಂತಲೂ ಗಟ್ಟಿ ಗುರುತು, ಒಪ್ಪುತ್ತೇನೆ. ಅದಕ್ಕೆ ಹೊರಗಿನ ಲ್ಯಾಬ್ ಕೇಳಿದ್ದು ಸ್ಯಾಂಪಲಿಗೆ ಐದಾರು ಸಾವಿರ. ಕೂಲಿಗೆ ಹೋಗುವವರ ಹತ್ತಿರ ಅಷ್ಟು ಹೇಗೆ ಕೇಳುವುದು? ಡಿಎನ್ಎ ಇದ್ದಷ್ಟೇ ಗಾಢವಾಗುವ ಫ್ಯೂಲ್ಗೆನ್ ಬಣ್ಣಕ್ಕೆ ನನಗೆ ಬೀಳುವುದು ಸ್ಲೈಡಿಗೆ ಸುಮಾರು ನಲವತ್ತು ರೂಪಾಯಿ. ಹಳೆಯ ಮೈಕ್ರೋಸ್ಕೋಪಿಗೆ ಕಪ್ಪುಬಿಳುಪು ಕ್ಯಾಮೆರಾ ಮತ್ತು ಹಸಿರು ಫಿಲ್ಟರ್ ಸೇರಿಸಲು ನಲವತ್ತು ಸಾವಿರದ ಆಸುಪಾಸು ಹೋಯಿತು. ಅಳತೆಗೆ ಇಮೇಜ್‌ಜೆ ಎಂಬ ಕಂಪ್ಯೂಟರ್ ತಂತ್ರಾಂಶ, ಅದು ಉಚಿತ.

ಮೊದಲ ಮೂರು ತಿಂಗಳ ಸ್ಲೈಡುಗಳೆಲ್ಲ ದಂಡ. ಬಣ್ಣ ಹಾಕುವ ಮೊದಲು 5 ನಾರ್ಮಲ್ ಎಚ್‌ಸಿಎಲ್‌ನಲ್ಲಿ (ಹೈಡ್ರೋಕ್ಲೋರಿಕ್ ಆಮ್ಲ) ‘ಕೋಣೆಯ ಉಷ್ಣತೆಯಲ್ಲಿ’ ಒಂದು ಗಂಟೆ ಎಂದು ವಿಧಾನ ಹೇಳುತ್ತದೆ. ನಮ್ಮ ಏಪ್ರಿಲಿನ ಕೋಣೆ 33 ಡಿಗ್ರಿ. ಆ ಬಿಸಿಗೆ ಆಮ್ಲ ಡಿಎನ್ಎಯನ್ನೇ ಕರಗಿಸಿ ತೊಳೆದುಬಿಡುತ್ತದೆ, ನ್ಯೂಕ್ಲಿಯಸ್ ಪೇಲವವಾಗುತ್ತದೆ. ಜುಲೈಯ ಸ್ಲೈಡೂ ಏಪ್ರಿಲಿನ ಸ್ಲೈಡೂ ಒಂದಕ್ಕೊಂದು ತಾಳೆಯಾಗಲಿಲ್ಲ. ಈಗ ಜಾರನ್ನು ನೀರಿನ ತೊಟ್ಟಿಯಲ್ಲಿಟ್ಟು, ಐಸ್ ತುಂಡು ಹಾಕುತ್ತಾ 27 ಡಿಗ್ರಿಯಲ್ಲೇ ನಿಲ್ಲಿಸುತ್ತೇನೆ. ಎಲ್ಲವೂ ಸರಿಯಾದದ್ದು ಅಲ್ಲಿಂದ.

ಬಣ್ಣ ಕೊಡುವ ಶಿಫ್ ರೀಏಜೆಂಟ್ ನಾನೇ ಮಾಡುತ್ತೇನೆ. ಬೇಸಿಕ್ ಫುಕ್ಸಿನ್ 1 ಗ್ರಾಂ, ಕುದಿನೀರು 200 ಮಿಲಿ. 50 ಡಿಗ್ರಿಗೆ ಇಳಿದಾಗ ಸೋಸಿ 1 ನಾರ್ಮಲ್ ಎಚ್‌ಸಿಎಲ್ 20 ಮಿಲಿ, 25ಕ್ಕೆ ಬಂದ ಮೇಲೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ 1 ಗ್ರಾಂ. ಇಡೀ ರಾತ್ರಿ ಕತ್ತಲಲ್ಲಿಟ್ಟು, ಬೆಳಗ್ಗೆ ಇದ್ದಿಲ ಪುಡಿ ಹಾಕಿ ಸೋಸಿದರೆ ನೀರಿನಂತೆ ತಿಳಿ. ಫಾರ್ಮಲಿನ್‌ಗೆ ಎರಡು ತೊಟ್ಟು ಬಿಡಿ: ಕೂಡಲೇ ಕೆಂಪು-ನೇರಳೆಯಾದರೆ ಸರಿ, ನಿಧಾನಕ್ಕೆ ನೀಲಿ ತಿರುಗಿದರೆ ಚೆಲ್ಲಿ. ಮುಚ್ಚಳ ಸಡಿಲವಿದ್ದರೆ ಗಂಧಕದ ಡೈಆಕ್ಸೈಡ್ ಹಾರಿ ರೀಏಜೆಂಟ್ ಗುಲಾಬಿಯಾಗುತ್ತದೆ. ಬಣ್ಣದಲ್ಲಿ ಒಂದು ಗಂಟೆ, ಆಮೇಲೆ ಸಲ್ಫೈಟ್ ನೀರಲ್ಲಿ ಮೂರು ಸಲ ತೊಳೆ.

ಮಚ್ಚೆಯಿಂದ ಕೋಶ ಎತ್ತುವ ಬ್ರಷ್ ಹಿಡಿಯುವಲ್ಲಿ ಧೈರ್ಯ ಬೇಕು. ಚುಕ್ಕಿಚುಕ್ಕಿಯಾಗಿ ರಕ್ತ ಕಾಣುವವರೆಗೆ ಒತ್ತಿ ತಿರುಗಿಸದಿದ್ದರೆ ಸಿಗುವುದು ನ್ಯೂಕ್ಲಿಯಸ್ ಇಲ್ಲದ ಸಿಪ್ಪೆ ಮಾತ್ರ. ದಪ್ಪ ಮಚ್ಚೆಗೆ ಮೊದಲು ಒದ್ದೆ ಗಾಜ್ ಇಟ್ಟು ಮೆದು ಮಾಡುತ್ತೇನೆ. ಅಡಿಕೆಯ ಕಂದು ಬಣ್ಣ ಕೋಶದ ಮೇಲೆ ಉಳಿದರೆ ಅದೂ ಬೆಳಕು ಹೀರಿ ಸುಳ್ಳು ಡಿಎನ್ಎ ತೋರಿಸುತ್ತದೆ. ಅದನ್ನು ಬಿಡಿಸುವ ದ್ರಾವಣಕ್ಕೆ ವರ್ಷ ಹಿಡಿಯಿತು, ಅದರ ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ. ಕ್ಯಾಂಡಿಡಾ ಶಿಲೀಂಧ್ರ ಇದ್ದರೆ ಎರಡು ವಾರ ಔಷಧಿ ಕೊಟ್ಟ ಮೇಲಷ್ಟೇ ಬ್ರಷ್. ಸಂಶಯದ ಜಾಗ ತೋರಿಸುವ ಟೊಲ್ಯೂಡಿನ್ ಬ್ಲೂ ಬಣ್ಣ ಹಚ್ಚುವುದಾದರೂ ಬ್ರಷ್ ಆದ ನಂತರವೇ.

ಕ್ಯಾಮೆರಾದಲ್ಲಿ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ, ಗಾಮಾ 1ರಲ್ಲಿಡಿ, ಜೆಪೆಗ್ ಬೇಡ. ಅದೇ ವ್ಯಕ್ತಿಯ ಆರೋಗ್ಯವಾದ ಕೆನ್ನೆಯ ಕೋಶ ಮೂವತ್ತು ಅಳೆದು ಅದನ್ನೇ 2ಸಿ (ಸಹಜ ಕೋಶದ ಡಿಎನ್ಎ ಪ್ರಮಾಣ) ಎನ್ನುತ್ತೇನೆ, ಅದರ ಬದಲು ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಇಟ್ಟರೆ ತಿದ್ದುಪಡಿ ಬೇಕಾಗುತ್ತದೆ. ಮಚ್ಚೆಯ ಕೋಶ ಮುನ್ನೂರಾದರೂ ಬೇಕು. ಈಗ ನನ್ನ ಗ್ರಾಫಿನಲ್ಲಿ 2ಸಿ ಗೋಪುರದ ಹರಡಿಕೆ ಶೇ. 5ರೊಳಗೆ ನಿಲ್ಲುತ್ತದೆ. ದುಬಾರಿ ಯಂತ್ರದಿಂದಲೂ ಕೇಳುವುದು ಅಷ್ಟನ್ನೇ!

ನಾಲಿಗೆಯ ಅಂಚಿನ ಒಂದು ಮಚ್ಚೆ, ಬಯಾಪ್ಸಿಯಲ್ಲಿ ಮೈಲ್ಡ್. ಗ್ರಾಫಿನಲ್ಲಿ 2ಸಿ ಪಕ್ಕ, 3.1ಸಿ ಹತ್ತಿರ ಎರಡನೇ ಗೋಪುರ ಎದ್ದಿತ್ತು, ಅಂದರೆ ಡಿಎನ್ಎ ಪ್ರಮಾಣ ಅಸಹಜ. ಒತ್ತಾಯಿಸಿ ಪೂರ್ತಿ ತೆಗೆಸಿದೆವು. ಮೊದಲು ತುಂಡು ತೆಗೆಯದ ಹಿಂಬದಿಯಲ್ಲಿ ಸಿವಿಯರ್ ಡಿಸ್ಪ್ಲೇಸಿಯಾ ಇತ್ತು. ಅನುಮಾನ ಪಟ್ಟವರೇ ಈಗ ಬ್ರಷ್ ಕಳಿಸುತ್ತಾರೆ.

ಬೇರೆ ಬಣ್ಣ (ಪ್ಯಾಪ್) ಹಾಕಿದ್ದ ಹಳೆಯ ಸ್ಲೈಡುಗಳನ್ನೂ ಇದೇ ಅಳತೆಗೆ ಪ್ರಯತ್ನಿಸಿದೆ. ಝೈಲೀನ್‌ನಲ್ಲಿ ಕವರ್‌ಸ್ಲಿಪ್ ಬಿಡಿಸಿದರೆ ಸಾಕು, ಬಣ್ಣ ಆಮ್ಲದಲ್ಲೇ ಹೋಗುತ್ತದೆ. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿನ ಪರೀಕ್ಷೆ ಕೂಡ ಮಾಡಿ ನೋಡಿದೆ, ಆಂಟಿಬಾಡಿ ಜೇಬಿಗೆ ಭಾರ. ಅದನ್ನು ಓದುವವರು ಒಂದು ನೆನಪಿಡಿ: ಪಕ್ಕದ ಫೈಬ್ರೋಬ್ಲಾಸ್ಟ್ (ಅಡಿಯ ಅಂಗಾಂಶದ ಕೋಶ) ಬಣ್ಣ ಹಿಡಿದು ಎಪಿಥೀಲಿಯಂ (ಮೇಲ್ಪದರ) ಪೂರ್ತಿ ಖಾಲಿ ಇದ್ದರೆ ಅದು ನಾರ್ಮಲ್ ಅಲ್ಲ, ಅದೂ ಮ್ಯುಟೇಶನ್ನಿನ ಗುರುತೇ.

4ಸಿಯಲ್ಲಿ (ಸಹಜದ ಎರಡರಷ್ಟು) ಮಾತ್ರ ಎರಡನೇ ಗುಂಪಿದ್ದರೆ ಗಾಬರಿ ಬೇಡ, ಮೂರು ತಿಂಗಳಿಗೆ ಮತ್ತೆ ಬ್ರಷ್ ಮಾಡಿ. ಡಿಪ್ಲಾಯ್ಡ್ (ಸಹಜ 2ಸಿ) ಬಂದರೂ ಕೆಂಪು ಮಚ್ಚೆಯನ್ನು ಬಿಡಬೇಡಿ, ತೆಗೆಸಿ. ಅಳೆದ ಸ್ಲೈಡನ್ನು ಕತ್ತಲ ಪೆಟ್ಟಿಗೆಯಲ್ಲೇ ಇಡಿ, ಬೆಳಕಿಗೆ ಬಣ್ಣ ಮಾಸಿದರೆ ಮರು ಅಳತೆ ತಾಳೆಯಾಗುವುದಿಲ್ಲ.