ತಿಪಟೂರಿನ ನಮ್ಮ ಕೊಬ್ಬರಿ ವ್ಯಾಪಾರವನ್ನು ವಿಸರ್ಜಿಸಿದ ಬಗೆ

ತಿಪಟೂರಿನಲ್ಲಿ ನಾವು ಮೂವರು ಪಾಲುದಾರರು ಹದಿನಾಲ್ಕು ವರ್ಷ ನಡೆಸಿದ ಉಂಡೆ ಕೊಬ್ಬರಿ ವ್ಯಾಪಾರವನ್ನು ನಿಲ್ಲಿಸಲು ತೀರ್ಮಾನಿಸಿದಾಗ, ಗೋದಾಮು ಖಾಲಿ ಮಾಡಿ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿದರೆ ಎಲ್ಲವೂ ಮುಗಿಯಿತೆಂದೇ ನಾನು ಎಣಿಸಿದ್ದೆ. ಅದಾದ ಮೇಲೆ ಎಂಟು ತಿಂಗಳು ಕಡತ ಹಿಡಿದು ಓಡಾಡಿದೆ.

ನಮ್ಮ ಕರಾರುಪತ್ರದಲ್ಲಿ ಅವಧಿಯ ನಮೂದು ಇರಲಿಲ್ಲ. ಅಂಥ ಪಾಲುದಾರಿಕೆಯನ್ನು 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 43ನೇ ಕಲಮಿನಂತೆ ಯಾವ ಪಾಲುದಾರನಾದರೂ ಉಳಿದವರಿಗೆ ಲಿಖಿತ ನೋಟಿಸು ಕೊಟ್ಟು ವಿಸರ್ಜಿಸಬಹುದು. ಮೂವರೂ ಒಪ್ಪಿದ್ದರಿಂದ ನಾವು 40ನೇ ಕಲಮಿನಂತೆ ಒಮ್ಮತದ ವಿಸರ್ಜನಾ ಪತ್ರ ಬರೆಸಿದೆವು.

ಜಗಳ ಹುಟ್ಟಿದ್ದು ಲೆಕ್ಕದಲ್ಲಿ. ಸರಕು, ತಕ್ಕಡಿ, ಬಾಕಿ ವಸೂಲಿ ಎಲ್ಲ ಸೇರಿ ಕೈಗೆ ಬಂದದ್ದು 14 ಲಕ್ಷ ರೂಪಾಯಿ. ರೈತರಿಗೂ ಹಮಾಲರಿಗೂ ಬ್ಯಾಂಕಿಗೂ ಕೊಡಬೇಕಾದದ್ದು 5 ಲಕ್ಷ. ಬಂಡವಾಳವಲ್ಲದೆ ನಾನು ಸಾಲವಾಗಿ ಹಾಕಿದ್ದು 3 ಲಕ್ಷ. ಬಂಡವಾಳ ನನ್ನದು 4, ಎರಡನೆಯವರದು 3, ಕಿರಿಯರದು 2 ಲಕ್ಷ. 48ನೇ ಕಲಮಿನ ಪ್ರಕಾರ ಹೊರಗಿನವರ ಸಾಲ ಮೊದಲು ತೀರಬೇಕು, ನಂತರ ಪಾಲುದಾರರು ಕೊಟ್ಟ ಸಾಲ, ಆಮೇಲಷ್ಟೇ ಬಂಡವಾಳ. ಹಾಗೆ ಉಳಿದದ್ದು 6 ಲಕ್ಷ, ಒಟ್ಟು 9 ಲಕ್ಷದ ಬಂಡವಾಳಕ್ಕೆ ಕೊರತೆ 3 ಲಕ್ಷ. ಕೊರತೆಯನ್ನು ಬಂಡವಾಳದ ಅನುಪಾತದಲ್ಲಿ ಹಂಚಬೇಕೆಂದು ಕಿರಿಯ ಪಾಲುದಾರರು ಪಟ್ಟು ಹಿಡಿದರು. ಆದರೆ ನಷ್ಟ ಲಾಭದ ಅನುಪಾತವನ್ನೇ ಅನುಸರಿಸುತ್ತದೆ, ಮತ್ತು ನಮ್ಮಲ್ಲಿ ಲಾಭ ಸಮಪಾಲಿನದು. ತಲಾ 1 ಲಕ್ಷ ಕಳೆದು ನಮಗೆ 3, 2, 1 ಲಕ್ಷದಂತೆ ಸಲ್ಲಬೇಕಾಯಿತು. ಎರಡು ಲಕ್ಷ ಹಾಕಿದವರು ಅರ್ಧ ಕಳೆದುಕೊಂಡದ್ದು ನನಗೂ ಕಹಿಯೆನಿಸಿತು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಕ್ಕೆ ಸಲ್ಲುವ ವಾರ್ಷಿಕ ಶೇಕಡಾ 6ರ ಬಡ್ಡಿಯನ್ನು ನಾನು ಕೇಳಲಿಲ್ಲ.

ನನ್ನ ತಪ್ಪು ಬೇರೊಂದಿತ್ತು. ವಿಸರ್ಜನಾ ಪತ್ರಕ್ಕೆ ಸಹಿಯಾದ ಮೇಲೆ ಸಾರ್ವಜನಿಕ ನೋಟಿಸನ್ನು ಲೆಕ್ಕ ಮುಗಿಯಲೆಂದು ಮುಂದೂಡಿದೆ. ಆ ನಡುವೆ ಒಬ್ಬ ಪಾಲುದಾರರು ನಮ್ಮ ಹಳೆಯ ಸೀಲು ಹಾಕಿ 40,000 ರೂಪಾಯಿಯ ಗೋಣಿಚೀಲವನ್ನು ಉದ್ರಿ ತಂದರು. ವಿಸರ್ಜನೆಯ ಸುದ್ದಿಯೇ ತಿಳಿಯದ ವ್ಯಾಪಾರಿ ಬಿಲ್ಲು ಹಿಡಿದು ನೇರ ನನ್ನ ಮನೆಗೆ ಬಂದರು. ಸಾರ್ವಜನಿಕ ನೋಟಿಸು ಹೊರಡುವ ತನಕ ಇಂಥ ವ್ಯವಹಾರಕ್ಕೆ ಎಲ್ಲ ಪಾಲುದಾರರೂ ಹೊಣೆಯೆಂದು 45ನೇ ಕಲಮು ಹೇಳುತ್ತದೆ. ಕೊಟ್ಟೆ, ಪುಣ್ಯಕ್ಕೆ ಆ ಪಾಲುದಾರರ ಪಾಲಿನ ಹಣ ಇನ್ನೂ ನಮ್ಮ ಖಾತೆಯಲ್ಲೇ ಇದ್ದುದರಿಂದ ಮುರಿದುಕೊಂಡೆ. ಮರುವಾರವೇ ಸೀಲನ್ನು ನನ್ನ ವಶಕ್ಕೆ ತೆಗೆದುಕೊಂಡು, 72ನೇ ಕಲಮು ನೋಂದಾಯಿತ ಸಂಸ್ಥೆಗೆ ವಿಧಿಸಿದಂತೆ ಫರ್ಮುಗಳ ನೋಂದಣಾಧಿಕಾರಿಗೆ ತಿಳಿವಳಿಕೆ ಸಲ್ಲಿಸಿ, ರಾಜ್ಯಪತ್ರದಲ್ಲಿಯೂ ಜಿಲ್ಲೆಯಲ್ಲಿ ಪ್ರಸಾರವಿರುವ ಕನ್ನಡ ಪತ್ರಿಕೆಯಲ್ಲಿಯೂ ಪ್ರಕಟಣೆ ಕೊಡಿಸಿದೆ.

ಜಿಎಸ್‌ಟಿ ಕೆಲಸ ಅಷ್ಟು ಕಾಡಲಿಲ್ಲ. ವ್ಯವಹಾರ ನಿಂತ 30 ದಿನಗಳೊಳಗೆ ನೋಂದಣಿಯ ರದ್ದತಿಗೆ ಅರ್ಜಿ ಹಾಕಿದ್ದೆವು; ರದ್ದತಿಯ ನಂತರ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಸಲ್ಲಿಸಿದೆವು. ಉಳಿದ ಸರಕಿನ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಮೊದಲು ಪಡೆದಿದ್ದ ಜಮೆಯನ್ನು ಹಿಂತಿರುಗಿಸಬೇಕಾದ್ದರಿಂದ, ಅರ್ಜಿ ಹಾಕುವ ಮುನ್ನವೇ ಸರಕನ್ನು ಮಾರಿ ಮುಗಿಸಿದ್ದು ಅನುಕೂಲವಾಯಿತು. ಬ್ಯಾಂಕ್ ಖಾತೆಯನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿದೆವು.

ಬಿಲ್ ಪುಸ್ತಕಗಳೂ ಲೆಕ್ಕದ ಕಡತಗಳೂ ಈಗ ನನ್ನ ಮನೆಯ ಅಟ್ಟದ ಮೇಲಿವೆ. ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಅವುಗಳನ್ನು ಕಾಯ್ದಿಡಬೇಕೆಂದು ಆಡಿಟರ್ ಹೇಳಿದ್ದಾರೆ.